ಕೋಡಿಂಗ್ ಕೆಲಸದ ಡೆಸ್ಕ್‌ಟಾಪಿಗೆ ಯಾವ ಪ್ರೊಸೆಸರ್? ನಮ್ಮ ಕಡೆಯ ಬಿಸಿಲು, ಕರೆಂಟು ಎಲ್ಲ ಲೆಕ್ಕ ಹಾಕಿ

ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಕಂಪ್ಯೂಟರ್ ಅಂಗಡಿಗೆ ಹೋಗಿ, ‘ಸಾಫ್ಟ್‌ವೇರ್ ಕೆಲಸಕ್ಕೆ ಒಂದು ಪಿಸಿ ಅಸೆಂಬಲ್ ಮಾಡಿಸಬೇಕು’ ಅಂದರೆ ಕೈಗೆ ಬರುವ ಕೊಟೇಶನ್ ಚೀಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಕ್ಯಾಬಿನೆಟ್. ಕೆಳಗೆ ಗೆರೆ ಎಳೆದು ಒಟ್ಟು ಮೊತ್ತ. ಯಾವ ಐ7, ಎಷ್ಟನೇ ಜನರೇಶನ್, ಮದರ್‌ಬೋರ್ಡ್ ಯಾವುದು, ಒಂದೂ ಬರೆದಿರುವುದಿಲ್ಲ. ಕೇಳಿದರೆ ‘ಐ7 ಅಂದ್ರ ಮುಗೀತಲ್ರೀ ಸರ್, ಇನ್ನೇನ್ ಬೇಕ್ರಿ?’ ಅನ್ನುತ್ತಾರೆ.

ಮುಗಿಯುವುದಿಲ್ಲ. 2013ರಲ್ಲಿ ಬಂದ ಐ7-4770 ಕೂಡ ಐ7ನೇ. ಅದಕ್ಕೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2022ರ ಐ5-12400ಗೆ ಆರು ಕೋರ್, 12 ಥ್ರೆಡ್, ಮೇಲಾಗಿ ಒಂದೊಂದು ಕೋರ್ ಕೂಡ ಆ ಹಳೇ ಕೋರ್‌ಗಿಂತ ಎಷ್ಟೋ ಜೋರು. ದೊಡ್ಡ ಊರಿನ ಆಫೀಸುಗಳಿಂದ ಹೊರಬಿದ್ದ ಹಳೇ ಐ7 ಮಷಿನ್‌ಗಳು ರಿಫರ್ಬಿಶ್ಡ್ ಅಂತ ನಮ್ಮ ಊರುಗಳಿಗೆ ಬರುತ್ತವೆ, ಬೆಲೆ ನೋಡಿದರೆ ಆಸೆಯೂ ಆಗುತ್ತದೆ. ಆದರೆ ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಅಧಿಕೃತವಾಗಿ ಎಂಟನೇ ಜನರೇಶನ್ ಮತ್ತು ಅದರ ಮೇಲಿನವೇ ಬೇಕು (ಏಳನೆಯದರಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ವಿನಾಯಿತಿ). ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್‌ಗೇ ಮುಗಿದಿದೆ. ಇಂಥ ಹಳೇ ಮಷಿನ್ ಲಿನಕ್ಸ್ ಹಾಕಿಕೊಂಡು ಕಲಿಯುವವರಿಗೆ ಸರಿ, ದಿನವಿಡೀ ಅದರಲ್ಲೇ ದುಡಿದು ಬದುಕುವವರಿಗೆ ಬೇಡ.

ಹಾಗಾಗಿ ಮೊದಲ ಕೆಲಸ ಇದು: ಚೀಟಿಯಲ್ಲಿ ಪ್ರೊಸೆಸರಿನ ಪೂರ್ತಿ ಮಾಡೆಲ್ ನಂಬರ್ ಬರೆಸಿ. ಕೊನೆಯ ಅಕ್ಷರವೂ ಸೇರಿ. ಬರೆಯದಿದ್ದರೆ ದುಡ್ಡು ಕೊಡಬೇಡಿ.

ನಿಮ್ಮ ಕೆಲಸ ಎಲ್ಲಿ ಕಾಯುತ್ತಿದೆ?

ಯಾವುದು ಒಳ್ಳೆಯ ಪ್ರೊಸೆಸರ್ ಅಂತ ಕೇಳುವ ಮುಂಚೆ ಈಗಿರುವ ಮಷಿನ್‌ನಲ್ಲೇ ಒಂದು ಪರೀಕ್ಷೆ ಮಾಡಿ. ಹಳೇ ಲ್ಯಾಪ್‌ಟಾಪ್ ಆದರೂ ಪರವಾಗಿಲ್ಲ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿದರೆ ಒಂದೊಂದು ಥ್ರೆಡ್‌ಗೆ ಒಂದೊಂದು ಚಿಕ್ಕ ಚೌಕ ಕಾಣುತ್ತದೆ. ಲಿನಕ್ಸ್‌ನಲ್ಲಿ ಎಚ್‌ಟಾಪ್ ಅನ್ನುವ ಪ್ರೋಗ್ರಾಂ ಸಾಕು. ಈಗ ನಿಮ್ಮ ದಿನದ ಕೆಲಸ ಶುರು ಮಾಡಿ: ಬಿಲ್ಡ್ ಕೊಡಿ (ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವುದು), ಟೆಸ್ಟ್ ಓಡಿಸಿ, ಎಮ್ಯುಲೇಟರ್ (ಪಿಸಿಯಲ್ಲೇ ಓಡುವ ನಕಲಿ ಫೋನ್) ತೆಗೆಯಿರಿ, ಬ್ರೌಸರ್‌ನಲ್ಲಿ ಎಷ್ಟು ಟ್ಯಾಬ್ ಇರುತ್ತವೋ ಅಷ್ಟನ್ನೂ ತೆಗೆದಿಡಿ. ಆಮೇಲೆ ಸುಮ್ನೆ ಕೂತು ಆ ಚೌಕಗಳನ್ನು ನೋಡಿ.

ಎಲ್ಲ ಚೌಕಗಳೂ ಮೇಲಿನ ಗೆರೆಗೆ ತಾಗಿ ಅಲ್ಲೇ ನಿಂತರೆ ನಿಮಗೆ ಜಾಸ್ತಿ ಕೋರ್ ಬೇಕು. ಒಂದೇ ಚೌಕ ತುಂಬಿ ಮಿಕ್ಕವು ಖಾಲಿ ಬಿದ್ದಿದ್ದರೆ ಒಂದು ಕೋರ್‌ನ ವೇಗ ಮುಖ್ಯ, 16 ಕೋರ್ ತಂದು ಹಾಕಿದರೂ 15 ಕೆಲಸವಿಲ್ಲದೆ ಕೂತಿರುತ್ತವೆ. ಯಾವ ಚೌಕವೂ ತುಂಬದೆ ಆದರೂ ಮಷಿನ್ ತೆವಳುತ್ತಿದ್ದರೆ ತಪ್ಪು ಪ್ರೊಸೆಸರಿನದಲ್ಲ. ಪಕ್ಕದಲ್ಲಿ ಮೆಮೊರಿ ಗ್ರಾಫ್ ನೋಡಿ, ಬಹುಶಃ ರ‍್ಯಾಮ್ ತುಂಬಿ ಡಿಸ್ಕ್‌ಗೆ ಚೆಲ್ಲುತ್ತಿದೆ. ಇಲ್ಲವೇ ಸಾವಿರಾರು ಚಿಕ್ಕ ಫೈಲ್‌ಗಳಿರುವ ಫೋಲ್ಡರನ್ನು ಆಂಟಿವೈರಸ್ ಒಂದೊಂದಾಗಿ ಜಾಲಾಡುತ್ತಿದೆ. ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಪ್ರಾಜೆಕ್ಟ್‌ಗಳಲ್ಲಿ ಇದು ಸಾಮಾನ್ಯ. ಇಂಥವರು ಹೊಸ ಪ್ರೊಸೆಸರ್‌ಗೆ ಹಾಕುವ ದುಡ್ಡಿನಲ್ಲಿ ಅರ್ಧ ಕೂಡ ಖರ್ಚಾಗದೆ ರ‍್ಯಾಮ್ ಅಥವಾ ಎನ್‌ವಿಎಂಇ ಎಸ್‌ಎಸ್‌ಡಿ ಬದಲಿಸಿ ನೆಮ್ಮದಿಯಾಗಿ ಇರಬಹುದು.

ಇನ್ನು ಕೋರ್ ಎಷ್ಟು ಬೇಕು ಅನ್ನೋದಕ್ಕೆ ಒಂದು ಲೆಕ್ಕ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಮಾತು ಇದು, ಇವತ್ತಿಗೂ ಅಂಗಡಿಯಲ್ಲಿ ದುಡ್ಡು ಉಳಿಸುತ್ತದೆ. ಒಂದೇ ಕೋರ್‌ನಲ್ಲಿ 40 ನಿಮಿಷ ಹಿಡಿಯುವ ಬಿಲ್ಡ್ ಇದೆ ಅಂದುಕೊಳ್ಳಿ. ಅದರಲ್ಲಿ 36 ನಿಮಿಷದ ಕೆಲಸವನ್ನು ಕೋರ್‌ಗಳು ಹಂಚಿಕೊಳ್ಳಬಹುದು, ಉಳಿದ 4 ನಿಮಿಷ ಲಿಂಕಿಂಗ್‌ನಂಥ (ತುಂಡುಗಳನ್ನು ಕೊನೆಗೆ ಒಂದಾಗಿ ಸೇರಿಸುವುದು), ಒಬ್ಬರೇ ಮಾಡಬೇಕಾದ ಕೆಲಸ. ಆರು ಕೋರ್ ಇದ್ದರೆ 6 ಮತ್ತು 4, ಒಟ್ಟು 10 ನಿಮಿಷ. ಎಂಟು ಕೋರ್ ಇದ್ದರೆ ಎಂಟೂವರೆ ನಿಮಿಷ. ಹನ್ನೆರಡಕ್ಕೆ 7 ನಿಮಿಷ. ಹದಿನಾರಕ್ಕೆ ಆರೂಕಾಲು. ಎಂಟರಿಂದ ಹದಿನಾರಕ್ಕೆ ಹಾರಿದರೆ ಪ್ರೊಸೆಸರ್ ಬೆಲೆ ಎಷ್ಟು ಏರುತ್ತದೆ ನೋಡಿ, ಉಳಿಯುವುದು ಎರಡು ನಿಮಿಷ ಚಿಲ್ಲರೆ. ಅದೂ ಪೂರ್ತಿ ಬಿಲ್ಡ್ ಕೊಟ್ಟಾಗ. ದಿನದಲ್ಲಿ ನಾವು ಹೆಚ್ಚಾಗಿ ಮಾಡೋದು ಎರಡು ಸಾಲು ತಿದ್ದಿ ಮತ್ತೆ ಬಿಲ್ಡ್ ಕೊಡುವ ಕೆಲಸ, ಅಲ್ವಾ? ಅದರಲ್ಲಿ ಹಂಚಿಕೊಳ್ಳುವ ಭಾಗವೇ ಕಮ್ಮಿ, ಒಂದು ಕೋರ್ ಎಷ್ಟು ಚುರುಕು ಅನ್ನೋದೇ ಅಲ್ಲಿ ಕಾಣುತ್ತದೆ.

ಯಾರಿಗೆ ಎಷ್ಟು

ವೆಬ್ ಕೆಲಸ ಮಾಡುವವರಿಗೆ, ಅಂದರೆ ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್, ಪಿಎಚ್‌ಪಿ, ಜಾಂಗೋ ಇಂಥದಕ್ಕೆ, ಆರು ಹೊಸ ಕೋರ್ ಧಾರಾಳ ಸಾಕು. ನೋಡ್‌ನಲ್ಲಿ ನಿಮ್ಮ ಕೋಡ್ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ, ಸಾಮಾನ್ಯ ಪೈಥಾನ್‌ನಲ್ಲೂ ಗಿಲ್ ಅನ್ನುವ ಬೀಗದಿಂದಾಗಿ ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. 2024ರ ಪೈಥಾನ್ 3.13ರಲ್ಲಿ ಆ ಬೀಗ ಇಲ್ಲದ ಆವೃತ್ತಿ ಪ್ರಯೋಗಕ್ಕೆ ಅಂತ ಬಂತು, ಅದನ್ನು ನಂಬಿ ಕೋರ್ ಖರೀದಿಸುವ ಕಾಲ ಇನ್ನೂ ಬಂದಿಲ್ಲ.

ಆಂಡ್ರಾಯ್ಡ್ ಆ್ಯಪ್ ಮಾಡುವವರಿಗೆ ಎಂಟು ಕೋರ್ ಹಿತ. ಬಿಲ್ಡ್ ಮಾಡುವ ಗ್ರೇಡಲ್ ಓಡುತ್ತಿರುವಾಗಲೇ ಎಮ್ಯುಲೇಟರ್ ತೆರೆದಿರುತ್ತದೆ, ಆಂಡ್ರಾಯ್ಡ್ ಸ್ಟುಡಿಯೋ ಇಂಡೆಕ್ಸ್ ಮಾಡುತ್ತಿರುತ್ತದೆ, ಪಕ್ಕದಲ್ಲಿ ಮೀಟಿಂಗ್ ಕಾಲ್ ನಡೆಯುತ್ತಿರುತ್ತದೆ. ಬೆಂಗಳೂರು, ಪುಣೆ ಕಂಪನಿಗಳಿಗೆ ಬೆಳಗಾವಿಯ ಮನೆಯಿಂದಲೇ ಕೆಲಸ ಮಾಡುವವರು ಈ ಕೊನೆಯದನ್ನು ಮರೆಯಬೇಡಿ. ಸ್ಕ್ರೀನ್ ಶೇರ್ ಮಾಡಿ ಬಿಲ್ಡ್ ಕೊಟ್ಟಾಗ ಧ್ವನಿ ಕಟ್ ಕಟ್ ಆಗೋದು ಎಷ್ಟೋ ಸಲ ನೆಟ್‌ವರ್ಕಿನಿಂದಲ್ಲ, ಪ್ರೊಸೆಸರ್ ಪೂರ್ತಿ ತುಂಬಿರೋದರಿಂದ.

ಸಿ++, ರಸ್ಟ್ ದೊಡ್ಡ ಪ್ರಾಜೆಕ್ಟ್‌ಗಳು, ಕರ್ನಲ್ ಕೆಲಸ, ಇಲ್ಲಿ 12 ಅಥವಾ 16 ಕೋರ್‌ಗೆ ಬೆಲೆ ಇದೆ. ಇಡೀ ಆಂಡ್ರಾಯ್ಡ್ ಓಎಸ್ಸನ್ನೇ ಕಂಪೈಲ್ ಮಾಡುವುದು ಬೇರೆಯೇ ಲೋಕ. ಅದಕ್ಕೆ ಗೂಗಲ್ ಹೇಳುವುದೇ ಕನಿಷ್ಠ 64 ಜಿಬಿ ರ‍್ಯಾಮ್, ಅವರ 72 ಕೋರ್‌ಗಳ ಮಷಿನ್‌ನಲ್ಲೂ ಪೂರ್ತಿ ಬಿಲ್ಡ್‌ಗೆ ಸುಮಾರು 40 ನಿಮಿಷ ಬೇಕು. ಆರು ಕೋರ್‌ನಲ್ಲಿ ತಾಸುಗಟ್ಟಲೆ. ಅಂಥ ಕೆಲಸ ತಿಂಗಳಿಗೊಮ್ಮೆ ಇದ್ದರೆ ಕ್ಲೌಡ್ ಮಷಿನ್ ಬಾಡಿಗೆಗೆ ತೆಗೆದುಕೊಳ್ಳೋದೇ ಲೇಸು.

ಮಷಿನ್ ಲರ್ನಿಂಗ್ ಮಾಡುವವರು ಪ್ರೊಸೆಸರ್‌ನಲ್ಲಿ ಉಳಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. ಐಫೋನ್ ಆ್ಯಪ್ ಮಾಡುವವರಿಗೆ ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್‌ನಲ್ಲಷ್ಟೇ ಓಡುತ್ತದೆ.

ಹೆಸರು ಹಿಡಿದು ಹೇಳುವುದಾದರೆ

ಬಜೆಟ್ ಬಿಗಿ ಇರುವ ವಿದ್ಯಾರ್ಥಿಗಳಿಗೆ (ವಿಟಿಯು ಪ್ರಾಜೆಕ್ಟ್‌ಗೆ ಅಂತ ಕೇಳುವವರೇ ಜಾಸ್ತಿ) ಇಂಟೆಲ್ ಐ5-12400 ಈಗಲೂ ಗಟ್ಟಿ ಆಯ್ಕೆ. ಆರು ಕೋರ್‌ಗಳೂ ಒಂದೇ ಥರದ ವೇಗದ ಕೋರ್‌ಗಳು, ಚಿಪ್ ತಣಿಸುವ ಕೂಲರ್ ಪ್ರೊಸೆಸರಿನ ಬಾಕ್ಸ್‌ನಲ್ಲೇ ಬರುತ್ತದೆ, ಡಿಡಿಆರ್4 (ಹಳೇ ಥರದ ಮೆಮೊರಿ) ಬೋರ್ಡೂ ಸಿಗುತ್ತದೆ, ಡಿಡಿಆರ್5 (ಹೊಸದು) ಬೋರ್ಡೂ ಸಿಗುತ್ತದೆ. ಇಂಟೆಲ್‌ನ ಪೈಪೋಟಿ ಕಂಪನಿ ಎಎಂಡಿ ಕಡೆ ರೈಜನ್ 5 5600 ಇದೆ, ಹಳೇ ಎಎಂ4 ಸಾಕೆಟ್ (ಬೋರ್ಡ್‌ನಲ್ಲಿ ಚಿಪ್ ಕೂರುವ ಜಾಗ), ಡಿಡಿಆರ್4. ಆದರೆ 5600 ಕೇಳಿದವರಿಗೆ 5500 ಕೊಟ್ಟು ‘ಎರಡೂ ಒಂದೇ ರೀ’ ಅನ್ನುವುದುಂಟು. ಒಂದೇ ಅಲ್ಲ. 5600ಗೆ 32 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಚಿಕ್ಕ ಮೆಮೊರಿ), 5500ಗೆ 16. ಕಂಪೈಲ್ ಕೆಲಸದಲ್ಲಿ ಆ ಕ್ಯಾಶ್ ಲೆಕ್ಕಕ್ಕೆ ಬರುತ್ತದೆ.

ನಾಲ್ಕೈದು ವರ್ಷ ಒಂದೇ ಮಷಿನ್ ಇಟ್ಟುಕೊಂಡು ನಡುವೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದರೆ ಎಎಂಡಿಯ ಎಎಂ5 ಸಾಕೆಟ್‌ಗೆ ಹೋಗಿ. 2022ರಲ್ಲಿ ಬಂದದ್ದು, 2027ರವರೆಗೂ ಅದರ ಆಚೆಗೂ ಇದೇ ಸಾಕೆಟ್ ಮುಂದುವರಿಸುತ್ತೇವೆ ಅಂತ ಎಎಂಡಿ ಹೇಳಿದೆ. ಡಿಡಿಆರ್5 ಮಾತ್ರ ನಡೆಯುತ್ತದೆ. ಆರು ಕೋರ್ ಸಾಕಾದರೆ ರೈಜನ್ 5 7600, ಎಂಟು ಬೇಕಾದರೆ ರೈಜನ್ 7 7700, ಹನ್ನೆರಡಕ್ಕೆ ರೈಜನ್ 9 7900. ಮೂರೂ 65 ವ್ಯಾಟ್ ದರ್ಜೆಯವು, ಮೂರಕ್ಕೂ ಕೂಲರ್ ಬಾಕ್ಸ್‌ನಲ್ಲೇ ಬರುತ್ತದೆ. ನನ್ನ ಕೇಳಿದರೆ ನಮ್ಮ ಕಡೆ ಡೆವಲಪರ್‌ಗಳಿಗೆ 7700 ಸರಿಯಾದ ಜಾಗ. ಹೊಸ 9700ಎಕ್ಸ್ ಒಳ್ಳೆಯದೇ, ಆದರೆ ಅದಕ್ಕೆ ಕೂಲರ್ ಬೇರೆ ಕೊಳ್ಳಬೇಕು, ಬೆಲೆ ಹೋಲಿಸುವಾಗ ಅದನ್ನೂ ಸೇರಿಸಿ. ಎಕ್ಸ್3ಡಿ ಅಂತ ಕೊನೆಗೆ ಬರುವವು ಮುಖ್ಯವಾಗಿ ಗೇಮ್ ಆಡುವವರಿಗೆ. ಅದೇ ದುಡ್ಡಿಗೆ ಕೋಡಿಂಗ್‌ನವರಿಗೆ ಜಾಸ್ತಿ ಕೋರ್ ಸಿಗುತ್ತವೆ.

ಇಂಟೆಲ್‌ನ ಹೊಸ ಚಿಪ್‌ಗಳಲ್ಲಿ ಕೋರ್ ಎಣಿಸುವಾಗ ಹುಷಾರು. ಐ5-14600ಕೆ ಗೆ 14 ಕೋರ್ ಅಂತ ಬರೆದಿರುತ್ತಾರೆ, ಅದರಲ್ಲಿ ಆರು ದೊಡ್ಡವು, ಎಂಟು ಕರೆಂಟ್ ಉಳಿಸುವ ಚಿಕ್ಕವು. ಪೂರ್ತಿ ಬಿಲ್ಡ್ ಕೊಟ್ಟಾಗ ಚಿಕ್ಕವೂ ಕೈ ಜೋಡಿಸುತ್ತವೆ, ಹಾಗಾಗಿ ದಂಡ ಅಲ್ಲ. 14ಕ್ಕೆ 14ಊ ದೊಡ್ಡ ಕೋರ್ ಇದ್ದಂತೆ ಅಂದುಕೊಳ್ಳಬೇಡಿ ಅಷ್ಟೇ.

13 ಮತ್ತು 14ನೇ ಜನರೇಶನ್‌ನ ಐ7, ಐ9 ಮತ್ತು ಕೆ ಅಕ್ಷರದ ಐ5ಗಳ ಬಗ್ಗೆ ಇನ್ನೊಂದು ಮಾತು. ಇವುಗಳಲ್ಲಿ ವೋಲ್ಟೇಜ್ ಮಿತಿಮೀರಿ ಚಿಪ್ ಕ್ರಮೇಣ ಹಾಳಾಗಿ ಕ್ರ್ಯಾಶ್ ಆಗುವ ತೊಂದರೆಯನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು, ಆ ವರ್ಷದ ಆಗಸ್ಟ್‌ನಿಂದ ಬಯೋಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಮೂಲಕ ತಿದ್ದುಪಡಿ ಕೊಟ್ಟಿತು, ಬಾಕ್ಸ್ ಪೀಸ್‌ಗಳ (ಕಂಪನಿಯ ಡಬ್ಬಿಯಲ್ಲೇ ಬರುವವು) ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಹೊಸದು ಕೊಂಡು ಮೊದಲ ದಿನವೇ ಬಯೋಸ್ ಅಪ್‌ಡೇಟ್ ಮಾಡಿದರೆ ಸರಿ. ಸೆಕೆಂಡ್ ಹ್ಯಾಂಡ್ ಮಾತ್ರ ಬೇಡವೇ ಬೇಡ, ಒಮ್ಮೆ ಹಾಳಾದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ.

ಕೊನೆಯ ಅಕ್ಷರ ಅಂದೆನಲ್ಲ, ಅದರಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. 12400ಎಫ್, 7500ಎಫ್ ಇಂಥವು. ಹಳೇ ರೈಜನ್ 5 5600ಗೆ ಎಫ್ ಇಲ್ಲದಿದ್ದರೂ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ. ಕಾರ್ಡ್ ಹಾಕದೆ ಇವನ್ನು ಜೋಡಿಸಿದರೆ ಮಾನಿಟರ್ ಕಪ್ಪಗೇ ಇರುತ್ತದೆ. 7600, 7700, 7900 ಮೂರರಲ್ಲೂ ಚಿಕ್ಕ ಗ್ರಾಫಿಕ್ಸ್ ಇದೆ. ಎರಡು ಮಾನಿಟರ್ ಇಟ್ಟು ಕೋಡ್ ಬರೆಯಲು ಅದು ಸಾಕು, ಕಾರ್ಡ್ ಖರ್ಚು ಉಳಿಯಿತು.

ಬಿಸಿಲಿನ ಲೆಕ್ಕ

ಯೂಟ್ಯೂಬ್ ರಿವ್ಯೂಗಳಲ್ಲಿ ಸಿಗದ ಭಾಗ ಇದು. ರಿವ್ಯೂ ಮಾಡುವವರು 22-23 ಡಿಗ್ರಿ ಎಸಿ ರೂಮಿನಲ್ಲಿ ಅಳೆಯುತ್ತಾರೆ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಹೊರಗೆ 40 ಡಿಗ್ರಿ ಮುಟ್ಟುತ್ತದೆ, ಆರ್‌ಸಿಸಿ ಮಾಳಿಗೆಯ ಕೆಳಗಿನ ಮೇಲ್ಮನೆ ರೂಮು ಮಧ್ಯಾಹ್ನ 38ಕ್ಕೆ ಕಮ್ಮಿ ಇರುವುದಿಲ್ಲ. ಕೂಲರ್ ಏನೇ ಮಾಡಿದರೂ ರೂಮಿನ ಗಾಳಿಗಿಂತ ಚಿಪ್ಪನ್ನು ತಣ್ಣಗೆ ಮಾಡಲಾರದು. ಗಾಳಿ ಎಷ್ಟು ಡಿಗ್ರಿ ಜಾಸ್ತಿ ಬಿಸಿ ಇದೆಯೋ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಬಿಸಿಯಾಗುತ್ತದೆ. ರಿವ್ಯೂನಲ್ಲಿ 23 ಡಿಗ್ರಿ ರೂಮಿನಲ್ಲಿ 75 ತೋರಿಸಿದ ಚಿಪ್ ನಿಮ್ಮ 38ರ ರೂಮಿನಲ್ಲಿ 90. ರಿವ್ಯೂನಲ್ಲೇ 85 ಇದ್ದದ್ದು ಇಲ್ಲಿ 95ರ ಮಿತಿಗೆ ಬಡಿದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ 170 ವ್ಯಾಟ್‌ನ 7950ಎಕ್ಸ್‌ಗೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಬೇಸಿಗೆಯ ಮೂರು ತಿಂಗಳು ಉಪಯೋಗಕ್ಕೇ ಬರುವುದಿಲ್ಲ.

65 ವ್ಯಾಟ್ ಚಿಪ್ ಕಡೆ ನನ್ನ ಒಲವು ಇದಕ್ಕೇ. ಎಎಂಡಿಯಲ್ಲಿ 65 ಅಂದರೂ ಜೋರಾಗಿ ಓಡುವಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಇಂಟೆಲ್‌ನಲ್ಲಿ ‘65 ವ್ಯಾಟ್’ ಅನ್ನುವ ಸಂಖ್ಯೆ ನಂಬಿ ಕೂರಬೇಡಿ, ಪಕ್ಕದಲ್ಲಿ ಮ್ಯಾಕ್ಸಿಮಮ್ ಟರ್ಬೊ ಪವರ್ ಎಷ್ಟು ಅಂತ ನೋಡಿ: 12400ಗೆ 117, ಐ7-14700ಗೆ 219. 16 ಕೋರ್ ಬೇಕೇ ಬೇಕು ಅನ್ನುವವರು ಬಯೋಸ್‌ನಲ್ಲಿ ಇಕೋ ಮೋಡ್ (ಚಿಪ್ ಎಳೆಯುವ ಕರೆಂಟಿಗೆ ಮಿತಿ ಹಾಕುವ ಸೆಟ್ಟಿಂಗ್) ಹಾಕಿಕೊಂಡು ಓಡಿಸಿ, ಕರೆಂಟ್ ಇಳಿದಷ್ಟು ವೇಗ ಇಳಿಯುವುದಿಲ್ಲ. ಬೆಳಗಾವಿಯವರಿಗೆ ಈ ಚಿಂತೆ ಕಮ್ಮಿ, ಅಲ್ಲಿ ತಂಪು.

ಎರೆ ಹೊಲದ ಧೂಳು ಇನ್ನೊಂದು ಕಥೆ. ಮುಂಭಾಗದಲ್ಲಿ ಬಿಚ್ಚಿ ತೊಳೆಯಬಹುದಾದ ಜಾಳಿಗೆ ಇರುವ ಕ್ಯಾಬಿನೆಟ್ ತಗೊಳ್ಳಿ. ಗಾಜಿನ ಮುಖದ ಕ್ಯಾಬಿನೆಟ್ ನೋಡಲು ಚೆಂದ, ಗಾಳಿ ಆಡುವುದಿಲ್ಲ.

ಕರೆಂಟ್ ವಿಷಯಕ್ಕೂ ಇದೇ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಇಲ್ಲದ 65 ವ್ಯಾಟ್ ಪ್ರೊಸೆಸರಿನ ಮಷಿನ್, ಒಂದು ಮಾನಿಟರ್ ಸೇರಿ, ಬಿಲ್ಡ್ ಓಡುವಾಗಲೂ 150 ವ್ಯಾಟ್ ಆಸುಪಾಸಿನಲ್ಲೇ ಇರುತ್ತದೆ, ಸಾಧಾರಣ 600 ವಿಎ ಯುಪಿಎಸ್ ಅದನ್ನು ನಿರಾಳವಾಗಿ ಹೊರುತ್ತದೆ. ಹೆಸ್ಕಾಂ ಲೈನ್ ಹೋದರೆ ಫೈಲ್ ಉಳಿಸಿ ಕಮಿಟ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಅದರಲ್ಲಿರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಮಷಿನ್ ರೀಸ್ಟಾರ್ಟ್ ಆಗುತ್ತದೆ.

ಬೋರ್ಡ್, ರ‍್ಯಾಮ್, ಬಿಲ್

ಪ್ರೊಸೆಸರ್ ಬೆಲೆಯನ್ನು ಒಂಟಿಯಾಗಿ ಹೋಲಿಸಬೇಡಿ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಸೇರಿ ಎಷ್ಟು ಅಂತ ಕೇಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳುತ್ತಿರುವುದೇ ಕಾರಣ. ಹೀಗಿರುವಾಗ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ತಗೊಂಡು 32 ಜಿಬಿ ರ‍್ಯಾಮ್ ಹಾಕಿಸುವುದು, ದೊಡ್ಡ ಪ್ರೊಸೆಸರ್ ಜೊತೆ 16 ಜಿಬಿ ಇಟ್ಟುಕೊಳ್ಳುವುದಕ್ಕಿಂತ ವಾಸಿ. ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಎಮ್ಯುಲೇಟರ್ ಬಳಸಲು ಗೂಗಲ್ ಈಗ ಕನಿಷ್ಠ 16 ಜಿಬಿ ಅನ್ನುತ್ತದೆ, 32 ಇದ್ದರೆ ಒಳ್ಳೆಯದು ಅನ್ನುತ್ತದೆ. ಸಿ++ನವರು ಇನ್ನೊಂದು ಲೆಕ್ಕ ಹಾಕಿ: ಒಂದೊಂದು ಕಂಪೈಲ್ ಜಾಬ್ ಒಂದೆರಡು ಜಿಬಿ ತಿನ್ನಬಹುದು, 16 ಥ್ರೆಡ್ ಒಟ್ಟಿಗೆ ಓಡಿದರೆ 32 ಜಿಬಿ ಮುಗಿಯಿತು.

ಡಿಡಿಆರ್5ನಲ್ಲಿ 16ರ ಎರಡು ಸ್ಟಿಕ್ ತಗೊಳ್ಳಿ, 8ರ ನಾಲ್ಕು ಬೇಡ. ರೈಜನ್ 7000ದಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. ಬೋರ್ಡ್ ವಿಷಯದಲ್ಲಿ ಎಎಂ5ಕ್ಕೆ ಬಿ650 ಸಾಕು. ಇಂಟೆಲ್‌ಗೆ ಎಚ್610 ಅಗ್ಗ, ಆದರೆ ರ‍್ಯಾಮ್ ಸ್ಲಾಟ್ ಎರಡೇ, ಮೊದಲೇ ಎರಡೂ ತುಂಬಿಸಿದರೆ ಮುಂದೆ ಸೇರಿಸಲು ಜಾಗ ಇರುವುದಿಲ್ಲ. ರೈಜನ್ 9000 ಸರಣಿಯ ಚಿಪ್ ಹಾಕುವವರು ಹಳೇ ಸ್ಟಾಕಿನ ಬಿ650 ಬೋರ್ಡ್ ಆದರೆ ಬಯೋಸ್ ಅಪ್‌ಡೇಟ್ ಆಗಿದೆಯೇ ಕೇಳಿ, ಇಲ್ಲದಿದ್ದರೆ ಮಷಿನ್ ಆನ್ ಆಗದೇ ಇರಬಹುದು.

ಕೊಳ್ಳುವಾಗ ‘ಬಾಕ್ಸ್ ಪೀಸೋ, ಟ್ರೇ ಪೀಸೋ’ ಅಂತ ನೇರವಾಗಿ ಕೇಳಿ. ಬಾಕ್ಸ್ ಪೀಸ್‌ಗೆ ಕಂಪನಿಯದೇ ಮೂರು ವರ್ಷದ ವಾರಂಟಿ. ಡಬ್ಬಿ ಇಲ್ಲದೆ ಬಿಡಿಯಾಗಿ ಬರುವ ಟ್ರೇ ಪೀಸ್‌ಗೆ ಅಂಗಡಿಯವರು ಕೊಟ್ಟಷ್ಟೇ. ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಪುಣೆಯಿಂದಲೋ ತರಿಸಿದರೆ ಸ್ವಲ್ಪ ಉಳಿಯಬಹುದು, ಆದರೆ ವಾರಂಟಿಗೆ ಕಳಿಸುವ ಓಡಾಟ ಯಾರದು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಪ್ರೊಸೆಸರ್‌ಗೆ 18% ಜಿಎಸ್‌ಟಿ ಇದೆ. ಫ್ರೀಲಾನ್ಸ್ ಮಾಡುತ್ತಾ ಜಿಎಸ್‌ಟಿ ನೋಂದಣಿ ಇರುವವರು ಬಿಲ್‌ನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ, ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. ಬಿಲ್‌ನಲ್ಲಿ ಪ್ರೊಸೆಸರಿನ ಸೀರಿಯಲ್ ನಂಬರೂ ಇರಲಿ.

ಜೋಡಿಸಿದ ದಿನ

ಎಎಂ5 ಮಷಿನ್ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಗಿರುತ್ತದೆ. ಅದು ಮೆಮೊರಿ ಟ್ರೇನಿಂಗ್, ಬೋರ್ಡ್ ಮೆಮೊರಿಗೆ ಹೊಂದಿಕೊಳ್ಳುವ ಹೊತ್ತು. ಗಾಬರಿಯಾಗಿ ಪವರ್ ತೆಗೆಯಬೇಡಿ, ಕಾಯಿರಿ.

ಆಮೇಲೆ ಬಯೋಸ್‌ಗೆ ಹೋಗಿ ಎರಡು ಕೆಲಸ. ಒಂದು, ವರ್ಚುವಲೈಸೇಶನ್ (ಒಂದು ಮಷಿನ್ ಒಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಆನ್ ಮಾಡಿ. ಎಎಂಡಿ ಬೋರ್ಡ್‌ಗಳಲ್ಲಿ ಅದರ ಹೆಸರು ಎಸ್‌ವಿಎಂ ಮೋಡ್, ಎಷ್ಟೋ ಬೋರ್ಡ್‌ಗಳಲ್ಲಿ ಆಫ್ ಆಗಿಯೇ ಬರುತ್ತದೆ. ಅದಿಲ್ಲದೆ ಡಾಕರ್ ಡೆಸ್ಕ್‌ಟಾಪ್ ಏಳುವುದಿಲ್ಲ, ಆಂಡ್ರಾಯ್ಡ್ ಎಮ್ಯುಲೇಟರ್ ಏಳುವುದಿಲ್ಲ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್2 ಕೂಡ. ಎರಡು, ರ‍್ಯಾಮ್‌ಗೆ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಪ್ರೊಫೈಲ್ ಹಾಕಿ. 6000 ಅಂತ ಬರೆದ ಸ್ಟಿಕ್ ಅದನ್ನು ಹಾಕುವವರೆಗೆ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟವರಿದ್ದಾರೆ.

ಕೊನೆಗೆ ನಿಮ್ಮದೇ ಪ್ರಾಜೆಕ್ಟಿನ ಪೂರ್ತಿ ಬಿಲ್ಡ್ ಕೊಡಿ, ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿ ಬಾಗಿಲು ದಿನಾ ಹೇಗಿರುತ್ತವೋ ಹಾಗೇ ಇಟ್ಟು. ಒಂದರ ಹಿಂದೆ ಒಂದರಂತೆ ಅರ್ಧ ತಾಸು ಓಡಲಿ. ಪಕ್ಕದಲ್ಲಿ ಟೆಂಪರೇಚರ್ ತೋರಿಸುವ ಸಾಫ್ಟ್‌ವೇರ್ ತೆರೆದಿಡಿ. 65 ವ್ಯಾಟ್ ಚಿಪ್ ಕೂಡ 95 ಮುಟ್ಟಿ ಅಲ್ಲೇ ನಿಂತರೆ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದಾರೆಯೇ, ನಾಲ್ಕೂ ಮೂಲೆ ಬಿಗಿದಿವೆಯೇ, ಕ್ಯಾಬಿನೆಟ್ ಫ್ಯಾನ್ ಗಾಳಿಯನ್ನು ಒಳಗೆ ಎಳೆಯುತ್ತಿದೆಯೇ ನೋಡಿ. ಇದನ್ನು ಬಿಲ್ ಹಾಕಿಸಿದ ವಾರದೊಳಗೇ ಮಾಡಿ ಮುಗಿಸಿ. ಆ ವಾರದಲ್ಲಿ ಅಂಗಡಿಯವರು ಮಾತಾಡದೆ ಬಿಚ್ಚಿ ಸರಿ ಮಾಡಿ ಕೊಡುತ್ತಾರೆ.